ಸೀನಿದವರಿಗೆ ಕಪ್ಪು-ಬಸಿ

ನಮ್ಮ ಮನೆಯ ಬಾಗಿಲಿಗೆ ಕರೆಗಂಟೆ ಇರಲಿಲ್ಲ, ಅದರ ಅಗತ್ಯವೂ ಬೀಳುತ್ತಿರಲಿಲ್ಲ. ಹೊರಗಿನಿಂದ ಯಾರೇ ಬರಲಿ, ಹೊಸ್ತಿಲು ದಾಟಿ ಮೂರು ಹೆಜ್ಜೆ ಇಡುವಷ್ಟರಲ್ಲಿ ಸೀನುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಹೆಂಚು ಹೊದಿಸಿದ ಪುಟ್ಟ ಮನೆ ನಮ್ಮದು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಬಚ್ಚಲು, ಅದರಾಚೆ ಬಟ್ಟೆ ಒಗೆಯುವ ಕಲ್ಲು ಮತ್ತು ಕರಿಬೇವಿನ ಗಿಡವಿದ್ದ ಹಿತ್ತಲು. ಪಡಸಾಲೆ ಎಂದೆನಾದರೂ, ಸರಿಯಾಗಿ ಹೇಳಬೇಕೆಂದರೆ ಅದು ಪಡಸಾಲೆಯಾಗಿರುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಸುಗ್ಗಿ ಆರಂಭವಾದೊಡನೆ ಅದರ ಮೂರು ಗೋಡೆಗಳಿಗೂ ಒಣಮೆಣಸಿನಕಾಯಿಯ ಚೀಲಗಳು ಒರಗಿ ನಿಲ್ಲುತ್ತಿದ್ದವು. ನಡುವೆ ಕೆಂಪು ರಾಶಿ ಬೀಳುತ್ತಿತ್ತು. ದೇವರ ಪಟಗಳ ಮೇಲೂ ಗಡಿಯಾರದ ಮೇಲೂ ನವಿರಾದ ಕೆಂಪು ಧೂಳು ಕೂರುತ್ತಿತ್ತು. ಅದರಲ್ಲೇ ಹುಟ್ಟಿ ಅಂಬೆಗಾಲಿಟ್ಟ ನಮಗೆ ಅದು ಬರಿಯ ಗಾಳಿ; ಬಂದವರಿಗೆ ಮಾತ್ರ ಘಾಟು. ಅಪ್ಪನ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಯಿ ರಾಶಿಯಿಂದ ತಲೆಯೆತ್ತದೆಯೇ, ಸೀನಿನ ಸಂಖ್ಯೆ ಮತ್ತು ಧಾಟಿಯಿಂದ ಬಂದವರು ಯಾರೆಂದು ಹೇಳಿಬಿಡುತ್ತಿದ್ದಳು.

“ಒಂದ ಸೀನು, ಹಿಂದ ಒಂದ ಕೆಮ್ಮು. ಪೋಸ್ಟಿನವ ಬಂದಾನ ನೋಡ್ರೇ.”

“ಬಾಯಿಗೆ ಸೆರಗ ಹಿಡದ ಸೀನಾಕತ್ತಾರ. ಸಾಲೀ ಅಕ್ಕಾರು. ಇಬ್ಬರಾಗ ಯಾವಾಕಿ ಏನ ಮಾಡಿ ಬಂದೀರಿ, ಖರೇ ಹೇಳ್ರಿ,” ಎಂದು ಶಾಲೆಯ ಶಿಕ್ಷಕಿ ಬಂದಾಗ ನನ್ನನ್ನೂ ತಂಗಿಯನ್ನೂ ಗದರುತ್ತಿದ್ದಳು.

ಮನೆಗೆ ಬಂದ ಅತಿಥಿಗಳಿಗೆಲ್ಲ ನಮ್ಮ ಕಡೆ ಬೀಗರು ಎನ್ನುತ್ತಾರೆ. ಸೀನಿದವರು ಬೀಗರು, ಸೀನದವರು ಮನೆಮಂದಿ: ಇದು ಆಯಿಯ ಶಾಸನ. ಈ ಶಾಸನಕ್ಕೆ ರಕ್ತಸಂಬಂಧ, ಜಾತಿ, ಮತ ಯಾವುದೂ ಅಡ್ಡ ಬರುತ್ತಿರಲಿಲ್ಲ. ಪಕ್ಕದ ಮನೆಯ ಮಾಬೂಬಿ ಖಾಲಾ ದಿನವಿಡೀ ನಮ್ಮಲ್ಲೇ ಕುಳಿತು ಕೆಲಸ ಮಾಡುವವರು, ಎಂದೂ ಸೀನಿದವರಲ್ಲ, ಆದ್ದರಿಂದ ಮನೆಮಂದಿ. ಆಯಿಯ ಸ್ವಂತ ತಮ್ಮ ಹಾನಗಲ್ಲಿನ ಕಡೆಯಿಂದ ವರ್ಷಕ್ಕೊಮ್ಮೆ ಬಂದು ಒಂದೇ ಉಸಿರಿಗೆ ಏಳು ಸಲ ಸೀನುತ್ತಿದ್ದ, ಆದ್ದರಿಂದ ಬೀಗ. ಮನೆಮಂದಿಗೆ ಸ್ಟೀಲಿನ ಲೋಟದಲ್ಲಿ ಚಹಾ. ಬೀಗರಿಗೆ ಮೊದಲು ಬೆಲ್ಲ ಮತ್ತು ನೀರು, ಅನಂತರ ಕಪ್ಪು-ಬಸಿಯಲ್ಲಿ ಚಹಾ. ಅಂಚಿನಲ್ಲಿ ನೀಲಿ ಹೂವಿದ್ದ ಆ ಪಿಂಗಾಣಿಯ ಕಪ್ಪು, ಅದಕ್ಕೆ ಹೊಂದುವ ಬಸಿ, ಇಡೀ ಮನೆಗೆ ಒಂದೇ ಜೋಡಿ. ಇಬ್ಬರು ಬೀಗರು ಒಟ್ಟಿಗೆ ಬಂದರೆ ಒಬ್ಬರು ಕುಡಿದು ಮುಗಿಸುವವರೆಗೆ ಇನ್ನೊಬ್ಬರು ಬೆಲ್ಲ ಚೀಪುತ್ತ ಕಾಯಬೇಕು. ನನಗೆ ಆ ಬಸಿಯಲ್ಲಿ ಚಹಾ ಸುರಿದುಕೊಂಡು, ಊದಿ, ಸುರ್ ಎಂದು ಹೀರುವ ಆಸೆ ವಿಪರೀತವಾಗಿತ್ತು. ಆರೇಳು ವರ್ಷದವಳಿದ್ದಾಗ ಒಮ್ಮೆ ಕಸಬರಿಗೆಯ ಕಡ್ಡಿಯೊಂದನ್ನು ಮೂಗಿಗೆ ತೂರಿಸಿ, ಕಷ್ಟಪಟ್ಟು ಒಂದು ಸೀನು ಹೊರಡಿಸಿ, ಆಯಿಯ ಮುಂದೆ ಹೋಗಿ ಕುಳಿತೆ. ಆಯಿ ಒಳಗೆ ಹೋದಳು. ನೀಲಿ ಹೂವಿನ ಬಸಿಯನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಏನೂ ಇರಲಿಲ್ಲ.

“ಖೊಟ್ಟಿ ಸೀನಿಗೆ ಖಾಲಿ ಬಸಿ,” ಎಂದಳು.

ಮುಂದೆ ನಮ್ಮ ಮನೆಯಲ್ಲಿ ಯಾರು ಸುಳ್ಳು ಹೊಟ್ಟೆನೋವು, ಸುಳ್ಳು ಅಳು, ಸುಳ್ಳು ಜ್ವರ ತಂದುಕೊಂಡರೂ ಇದೇ ತೀರ್ಪು.

ಮೆಣಸಿನಕಾಯಿಯ ತೊಟ್ಟಿಗೆ ನಮ್ಮಲ್ಲಿ ತುಂಬು ಎನ್ನುತ್ತಾರೆ. ಅಂಗಡಿಗಳಿಂದ ಬಂದ ಚೀಲಗಳನ್ನು ಸುರಿದುಕೊಂಡು, ಒಂದೊಂದೇ ಕಾಯಿಯ ತುಂಬು ಮುರಿದು ಬೇರೆ ಮಾಡುವುದು ನಮ್ಮ ಮನೆಯ ಹೆಂಗಸರ ಕೆಲಸ. ಮಾರುಕಟ್ಟೆಯಲ್ಲಿ ಚೀಲ ಹೊರುವುದು ಅಪ್ಪನ ಕೆಲಸ. ರಾಶಿಯ ಸುತ್ತ ಪ್ರತಿಯೊಬ್ಬರಿಗೂ ಅವರವರ ಮಣೆ, ಅವರವರ ಜಾಗ. ಬಾಗಿಲಿಗೆ ಎದುರಾಗಿ ಆಯಿ, ಅವಳ ಎಡಕ್ಕೆ ಅವ್ವ, ಕಂಬಕ್ಕೆ ಬೆನ್ನು ಕೊಟ್ಟು ಮಾಬೂಬಿ ಖಾಲಾ, ಶಾಲೆ ಬಿಟ್ಟ ಮೇಲೆ ಅವರಿಬ್ಬರ ನಡುವೆ ನಾನು. ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿ ಶಾಂತಿಗೆ ಮಣೆ ಇರಲಿಲ್ಲ. ಅವಳು ಖಾಲಿ ಚೀಲದ ಮೇಲೆ ಕುಳಿತು ಮುರಿದ ತುಂಬುಗಳಿಂದ ಮನೆ ಕಟ್ಟುತ್ತಿದ್ದಳು. ತುಂಬು ಮುರಿಯುವುದು ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ಹೆಬ್ಬೆರಳಿನ ಒತ್ತು ತುಸು ಹೆಚ್ಚಾದರೆ ಕಾಯಿಯ ತಲೆಯೇ ಒಡೆದು ಬೀಜ ಚೆಲ್ಲುತ್ತದೆ, ಕಡಿಮೆಯಾದರೆ ತುಂಬು ಅರ್ಧಕ್ಕೆ ತುಂಡಾಗುತ್ತದೆ. ಬೇಸರ ಕಳೆಯಲು ನಮ್ಮಲ್ಲೊಂದು ಆಟವಿತ್ತು. ಕಣ್ಣು ಮುಚ್ಚಿಕೊಂಡವರ ಅಂಗೈಗೆ ಒಂದು ಕಾಯಿ ಇಡುವುದು. ಅದು ಯಾವ ಕಾಯಿಯೆಂದು ಅವರು ಬೆರಳಿನಿಂದಲೇ ಹೇಳಬೇಕು. ಗಿಡ್ಡಗೆ ದಪ್ಪಗಿದ್ದು ಮೈತುಂಬ ಸುಕ್ಕಾಗಿದ್ದರೆ ನಮ್ಮ ಡಬ್ಬಿ, ಉದ್ದಕ್ಕೆ ಸಣಕಲಾಗಿ ಸುಕ್ಕಾಗಿದ್ದರೆ ನಮ್ಮ ಕಡ್ಡಿ, ನುಣ್ಣಗೆ ಜಾರುವಂತಿದ್ದರೆ ಪರವೂರಿನ ಗುಂಟೂರು. ಎಂಟನೆಯ ವಯಸ್ಸಿನ ಹೊತ್ತಿಗೆ ಈ ಆಟದಲ್ಲಿ ನನ್ನನ್ನು ಸೋಲಿಸಲು ಆಯಿಯಿಂದಲೂ ಆಗುತ್ತಿರಲಿಲ್ಲ. ಇದನ್ನು ಇಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಈ ಹೆಮ್ಮೆ ಮುಂದೆ ಏನಾಯಿತೆಂಬುದನ್ನೂ ಬರೆಯಲೇಬೇಕಾಗುತ್ತದೆ.

ಈ ಕೆಲಸದಿಂದ ನಮ್ಮ ಮನೆಯ ಕೆಲವು ಪದ್ಧತಿಗಳು ಓಣಿಯ ಇತರ ಮನೆಗಳಿಗಿಂತ ಭಿನ್ನವಾಗಿದ್ದವು. ಹೆಂಗಸರ ಕೈಯೆಲ್ಲ ಖಾರವಾದ್ದರಿಂದ ಮಕ್ಕಳ ಮುಖ ತೊಳೆಯುವುದು, ಕಾಡಿಗೆ ಹಚ್ಚುವುದು, ಜಡೆ ಹಾಕುವುದು ಅಪ್ಪನ ಪಾಲಿಗೆ ಬಂದಿತ್ತು. ಬೆಳಗ್ಗೆ ಮಾರುಕಟ್ಟೆಗೆ ಹೊರಡುವ ಮೊದಲು ಅಪ್ಪ ನಮ್ಮಿಬ್ಬರನ್ನೂ ಸಾಲಾಗಿ ಕೂರಿಸಿಕೊಂಡು, ಚೀಲದ ಬಾಯಿ ಹೊಲಿಯುವ ಬಿಗುವಿನಲ್ಲೇ ಜಡೆ ಹೆಣೆಯುತ್ತಿದ್ದ. ಹುಬ್ಬು ಮೇಲೆ ಎಳೆದುಕೊಂಡು ಇಡೀ ದಿನ ನಾವು ಬೆರಗಾದವರಂತೆ ಕಾಣುತ್ತಿದ್ದೆವು. ಕಣ್ಣೀರು ಬಂದರೆ ಯಾರೂ ಕೈಯಿಂದ ಒರೆಸಿಕೊಳ್ಳುತ್ತಿರಲಿಲ್ಲ. ತೋಳು ಮಡಿಸಿ ಮೊಣಕೈಯ ಒಳಬದಿಗೆ ಕಣ್ಣೊತ್ತಿಕೊಳ್ಳುವುದು ನಮ್ಮ ಮನೆಯ ರೂಢಿ. ಊಟದ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ: ನಮ್ಮ ಮನೆಯ ಅಡುಗೆ ಸಪ್ಪೆ. ಅದಕ್ಕಾಗಿ ಅವ್ವನಿಗೂ ಆಯಿಗೂ ವಾರಕ್ಕೆರಡು ಜಗಳ ಖಾಯಂ.

“ಅತ್ತಿ, ಬದನಿಕಾಯಿ ಪಲ್ಯಾಕ್ಕ ಖಾರ ಇಲ್ಲಂದ್ರ ಎಮ್ಮಿನೂ ಮೂಸಂಗಿಲ್ಲರಿ. ಬ್ಯಾಡಗ್ಯಾಗ ಇದ್ದು ಹಿಂಗ ತಿನ್ನೂದಂದ್ರ ನಾಚಿಗೇಡು.”

“ಮುಂಜಾನಿಂದ ಸಂಜೀತನಾ ಮೂಗಿಲೆ ತಿಂದೇವಿ. ಬಾಯಿಲೆ ಮತ್ಯಾಕ?”

ಇನ್ನೊಂದು ತೊಡಕು ದೃಷ್ಟಿ ತೆಗೆಯುವುದರಲ್ಲಿತ್ತು. ಅಮಾವಾಸ್ಯೆಯ ದಿನ ಆಯಿ ಉಪ್ಪು, ಮೆಣಸಿನಕಾಯಿಗಳನ್ನು ನಮ್ಮ ತಲೆಯ ಸುತ್ತ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಸುಟ್ಟ ಕಾಯಿಯ ಹೊಗೆಗೆ ಕೆಮ್ಮು ಬಂದರೆ ದೃಷ್ಟಿಯಾಗಿಲ್ಲ, ಬಾರದಿದ್ದರೆ ಆಗಿದೆ ಎಂಬುದು ಎಲ್ಲರೂ ಒಪ್ಪುವ ಲೆಕ್ಕ. ನಮ್ಮ ಮನೆಯಲ್ಲಿ ಯಾವ ಹೊಗೆಗೂ ಯಾರೂ ಕೆಮ್ಮುತ್ತಿರಲಿಲ್ಲವಾಗಿ, ಪ್ರತಿ ಅಮಾವಾಸ್ಯೆಯೂ ಇಡೀ ಕುಟುಂಬಕ್ಕೆ ಭಯಂಕರ ದೃಷ್ಟಿ ತಗುಲಿದೆಯೆಂದೇ ರುಜುವಾತಾಗುತ್ತಿತ್ತು. “ನಮ್ಮನ್ನ ನೋಡಿ ಹೊಟ್ಟೆಕಿಚ್ಚು ಪಡಾಕ ಏನೈತಿ ಅಂತೇನಿ,” ಎಂದು ಅಪ್ಪ ಪ್ರತಿ ಸಲವೂ ಮನೆಯ ನಾಲ್ಕು ಮೂಲೆಗಳನ್ನು ಹುಡುಕುವವನಂತೆ ನೋಡುತ್ತಿದ್ದ.

ಹತ್ತನೆಯ ತರಗತಿಯಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. ಶಾಲೆಯ ಅಕ್ಕಾರು ಬಂದು, ಬಾಯಿಗೆ ಸೆರಗು ಹಿಡಿದು ಸೀನಿ, ಬೆಲ್ಲ ತಿಂದು, ಹಾವೇರಿಯ ಹಾಸ್ಟೆಲಿನಲ್ಲಿಟ್ಟು ಮುಂದೆ ಓದಿಸಿರೆಂದು ಹೇಳಿದರು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಎಲ್ಲರೂ ಆಯಿಯ ಮುಖ ನೋಡಿದರು.

“ಹೋಗ್ಲಿ,” ಎಂದಳು ಆಯಿ. “ಈ ಮನ್ಯಾಗ ಒಬ್ಬಾಕಿ ಆದ್ರೂ ಕೈ ಉರೀಲಾರದ ಕೆಲಸ ಮಾಡ್ಲಿ.”

ಹಾಸ್ಟೆಲಿನ ಕೋಣೆಯಲ್ಲಿ ನಾವು ಐವರು. ಮೊದಲ ದಿನ ನಾನು ತಗಡಿನ ಪೆಟ್ಟಿಗೆಯ ಮುಚ್ಚಳ ತೆರೆದೆ. ಉಳಿದ ನಾಲ್ವರೂ ಏಕಕಾಲಕ್ಕೆ ಸೀನಿದರು. ನನಗೆ ತಕ್ಷಣ ಹೊಳೆದದ್ದು ಇಷ್ಟೇ: ಬೀಗರು ಬಂದಿದ್ದಾರೆ, ಬೆಲ್ಲ ಕೊಡಬೇಕು. ಬೆಲ್ಲವಿರಲಿಲ್ಲ. ಕರ್ಜಗಿಯಿಂದ ಬಂದಿದ್ದ ಲಲಿತಾ ಮೂಗು ಒರೆಸಿಕೊಳ್ಳುತ್ತ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

“ನೀಲಾ, ಇದರಾಗ ಬಟ್ಟಿ ಅದಾವೋ, ಒಗ್ಗರಣಿ ಐತೋ?”

ಅವಳು ನಗಿಸಲೆಂದೇ ಹೇಳಿದ್ದಳು, ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ವಾರದಿಂದ ನಾನು ಬಟ್ಟೆಗಳನ್ನು ಎರಡೆರಡು ಸಲ ಸಾಬೂನು ಹಾಕಿ ಒಗೆಯತೊಡಗಿದೆ. ಪುಸ್ತಕಗಳನ್ನು ಬಿಸಿಲಿಗೆ ಹರಡಿದೆ. ತಗಡಿನ ಪೆಟ್ಟಿಗೆಯನ್ನು ಬೂದಿ ಹಚ್ಚಿ ತಿಕ್ಕಿದೆ. ಅಪ್ಪ ಹಾಕುವ ಬಿಗಿ ಜಡೆಯನ್ನು ಬಿಟ್ಟು ಲಲಿತಾಳಿಂದ ಸಡಿಲವಾದ ಜಡೆ ಕಲಿತೆ. ತರಗತಿಯಲ್ಲಿ ಎದ್ದು ನಿಂತು ಉತ್ತರಿಸುವಾಗ ಬಾಯಿಂದ ‘ಐತಿ’ ಬಂದೀತೆಂಬ ಭಯದಿಂದ, ಇಡೀ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಎರಡು ಬಾರಿ ತಿದ್ದಿ, ಅನಂತರವೇ ಹೇಳುತ್ತಿದ್ದೆ. ಅಷ್ಟರಲ್ಲಿ ಬೇರೊಬ್ಬರು ಉತ್ತರ ಹೇಳಿರುತ್ತಿದ್ದರು. ಮೂರು ತಿಂಗಳಲ್ಲಿ ನನ್ನ ಪೆಟ್ಟಿಗೆ ತೆರೆದರೆ ಯಾರೂ ಸೀನದಂತಾಯಿತು. ಅದನ್ನು ನಾನು ಮೊದಲ ದರ್ಜೆಯ ಫಲಿತಾಂಶದಂತೆ ಸಂಭ್ರಮಿಸಿದೆ.

ಸಂಕ್ರಾಂತಿಯ ರಜೆಗೆ ಮನೆಗೆ ಬಂದೆ. ಬ್ಯಾಡಗಿಯ ಬಸ್ಸಿಳಿದು ಓಣಿಯ ತಿರುವಿಗೆ ಬಂದಾಗಲೇ ಮೂಗಿನ ಒಳಗೆ ಏನೋ ಹರಿದಾಡಿದಂತಾಯಿತು. ಧೂಳಿರಬೇಕು ಎಂದುಕೊಂಡೆ. ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, “ಅವ್ವಾ” ಎಂದು ಕೂಗಲು ಬಾಯಿ ತೆರೆದೆ, ಹೊರಬಿದ್ದದ್ದು ಸೀನು. ಒಂದಲ್ಲ, ಮೂರು.

“ಯಾರರೀ ಬೀಗರು?” ಒಳಗಿನಿಂದ ಆಯಿಯ ಧ್ವನಿ, ತುಂಬು ಗೌರವದಿಂದ. “ಬರ್ರಿ, ಒಳಗ ಬರ್ರಿ. ಕುಂದ್ರಿ. ಯಾವ ಊರಾತ್ರಿ?”

ಒಳಗಿದ್ದವರು ತಲೆಯೆತ್ತಿ ನನ್ನನ್ನು ಕಂಡರು. ಒಂದು ಕ್ಷಣ ರಾಶಿಯ ಸುತ್ತ ಕೈಗಳು ನಿಂತವು. ಮೊದಲು ನಕ್ಕವರು ಮಾಬೂಬಿ ಖಾಲಾ, ಅನಂತರ ಅವ್ವ, ಅನಂತರ ಆಯಿ ಎದೆಯ ಮೇಲೆ ಕೈಯಿಟ್ಟುಕೊಂಡು, ಕೆಮ್ಮು ಬರುವವರೆಗೆ ನಕ್ಕಳು. ಶಾಂತಿ ಚಂಗನೆ ಎದ್ದು ಒಳಗೋಡಿದಳು. ನಾನು ನನ್ನ ಮಣೆ ಹುಡುಕಿದೆ. ಅದರ ಮೇಲೆ ಈಗ ಶಾಂತಿಯ ಪುಸ್ತಕಗಳು, ಪೆನ್ಸಿಲ್ ಡಬ್ಬಿ ಇದ್ದವು. ಸ್ವಲ್ಪ ಹೊತ್ತಿಗೆ ಅವಳೇ ಬೆಲ್ಲ, ನೀರು ತಂದಳು, ಹಿಂದೆಯೇ ನೀಲಿ ಹೂವಿನ ಕಪ್ಪು-ಬಸಿಯಲ್ಲಿ ಚಹಾ. ಎಷ್ಟು ವರ್ಷ ಆಸೆಪಟ್ಟಿದ್ದ ಬಸಿ! ಸುರಿದುಕೊಂಡೆ, ಊದಿದೆ. ಹೀರದೆ ಹಾಗೆಯೇ ಕೆಳಗಿಟ್ಟೆ.

“ನನಗೆ ಲೋಟದಲ್ಲಿ ಕೊಟ್ಟಿದ್ದರೆ ಸಾಕಾಗಿತ್ತು,” ಎಂದೆ.

“ಯವ್ವಾ, ರೇಡಿಯೋದಾಕಿ ಮಾತಾಡಾಕತ್ತಾಳ, ಕೇಳ!” ಎಂದಳು ಶಾಂತಿ.

ಆ ಸಲ ಮೂರು ದಿನಕ್ಕೆ ಸೀನು ನಿಂತಿತು. ಮೂರನೆಯ ದಿನ ಅವ್ವ ನನಗೆ ಲೋಟದಲ್ಲಿ ಚಹಾ ಕೊಟ್ಟಳು. ಅಷ್ಟು ರುಚಿಯಾದ ಚಹಾವನ್ನು ನಾನು ಅಲ್ಲಿಂದೀಚೆಗೆ ಕುಡಿದಿಲ್ಲ. ಮುಂದೆ ಪದವಿಗೆಂದು ರಾಣೆಬೆನ್ನೂರಿಗೆ ಹೋದೆ. ರಜೆಗಳು ಬಂದವು, ಹೋದವು. ಮೂಗು ಮನೆಯ ಗಾಳಿಗೆ ಒಗ್ಗಲು ಮೂರು ದಿನವಿದ್ದುದು ಐದಾಯಿತು, ವಾರವಾಯಿತು. ಮೂಗೊಂದೇ ಎಂದು ಹೇಳಿದರೆ ಅದು ಸತ್ಯದ ಒಂದು ಭಾಗವಷ್ಟೇ. ಒಂದು ತಾಸು ತುಂಬು ಮುರಿದರೆ ಬೆರಳು ಉರಿಯತೊಡಗುತ್ತಿತ್ತು. ಜಗಳದ ನಡುವೆ ಅವ್ವ, ಆಯಿ ಇಬ್ಬರೂ ಥಟ್ಟನೆ ನಕ್ಕಾಗ, ನಗೆಗೆ ಕಾರಣವಾದ ಮಾತು ಯಾವುದೆಂದು ನಾನು ಕೇಳಿ ತಿಳಿಯಬೇಕಾಗುತ್ತಿತ್ತು. ಒಂದು ಅಮಾವಾಸ್ಯೆಯಂದು ದೃಷ್ಟಿ ತೆಗೆಯುವುದು ಮೂಢನಂಬಿಕೆಯೆಂದು ಆಯಿಗೆ ಸಕಾರಣವಾಗಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಒಲೆಯಿಂದ ಹೊಗೆ ಎದ್ದಿತು. ಕೆಮ್ಮಿ ಕೆಮ್ಮಿ ಹಿತ್ತಲಿಗೆ ಓಡಿದೆ.

“ನೋಡ್ರೇ, ಈ ಮನ್ಯಾಗ ದೃಷ್ಟಿ ಆಗ್ಲಾರದಾಕಿ ಇಕಿ ಒಬ್ಬಾಕಿನ,” ಎಂದು ಆಯಿ ಸಂತೋಷಪಟ್ಟಳು.

ನಾನು ಪದವಿಯ ಕೊನೆಯ ವರ್ಷದಲ್ಲಿದ್ದಾಗ ಶಾಂತಿ ಹತ್ತನೆಯ ತರಗತಿಯಲ್ಲಿದ್ದಳು. ಅವಳು ನನಗಿಂತ ಜಾಣೆ. ಆ ಸಂಕ್ರಾಂತಿಯ ರಜೆಯಲ್ಲಿ, ರಾಶಿಯ ಸುತ್ತ ಕುಳಿತಿದ್ದಾಗ, ಅವಳನ್ನೂ ಹಾವೇರಿಗೆ ಕಳಿಸೋಣವೇ ಎಂದು ಅಪ್ಪ ಮೆಲ್ಲಗೆ ಮಾತು ತೆಗೆದ. ಆಯಿ ಹತ್ತಿಪ್ಪತ್ತು ಕಾಯಿಗಳ ತುಂಬು ಮುರಿದಳು.

“ಒಬ್ಬಾಕೀನ ಕಳಿಸಿದೆ. ಬೀಗರಾಗಿ ಬಂದ್ಲು,” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಇಕೀನೂ ಕಳಿಸಿದ್ರ ಇಬ್ಬರೂ ಬೀಗರಾಕ್ಕಾರ. ಆಮ್ಯಾಲೆ ಮನೀ ಮಂದಿ ಅಂತ ಯಾರ ಉಳೀತಾರೋ ಬಸಪ್ಪಾ? ನಾನು, ನಿನ್ನ ಹೇಂತಿ ಮಾರಿ ಮಾರಿ ನೋಡ್ಕೋತ ಕುಂದ್ರೂದ?”

“ಅಲ್ಲಬೇ, ಸೀನಿದ್ರ ಏನಾತು?” ಎಂದ ಅಪ್ಪ.

“ಏನೂ ಆಗಿಲ್ಲ. ಯುಗಾದಿಗೆ ನೀಲಾ ಬರ್ಲಿ. ಆಕೀ ಮೂಗ ನೋಡಿ ಮಾತಾಡೂನು.”

ಆಯಿ ಇದನ್ನು ಎಷ್ಟು ಗಂಭೀರವಾಗಿ ಹೇಳಿದಳೋ ನನಗೆ ಇಂದಿಗೂ ತಿಳಿಯದು. ಆದರೆ ಶಾಂತಿ ಅದನ್ನು ಅಕ್ಷರಶಃ ಹಿಡಿದಳು. ನಾನು ರಾಣೆಬೆನ್ನೂರಿಗೆ ಹೊರಡುವ ದಿನ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಸದಾ ಅಣಕಿಸುವ ಹುಡುಗಿಯ ಮುಖದಲ್ಲಿ ಅಣಕವಿರಲಿಲ್ಲ.

“ಅಕ್ಕಾ, ಯುಗಾದಿಗೆ ಬಂದಾಗ ನೀ ಸೀನಬ್ಯಾಡ. ನಿನ್ನ ಕಾಲ ಬೀಳ್ತೇನಿ. ನನ್ನ ಕಾಲೇಜು ನಿನ್ನ ಮೂಗಿನ್ಯಾಗ ಐತಿ.”

ನಾನು ಎಲ್ಲ ಪರೀಕ್ಷೆಗಳಿಗೂ ವೇಳಾಪಟ್ಟಿ ಹಾಕಿಕೊಂಡು ಓದಿದವಳು. ಇದಕ್ಕೂ ಹಾಕಿದೆ. ರಾಣೆಬೆನ್ನೂರಿನ ಒಂದು ಕಿರಾಣಿ ಅಂಗಡಿಗೆ ಹೋಗಿ, “ದಯವಿಟ್ಟು ಬ್ಯಾಡಗಿ ಮೆಣಸಿನಕಾಯಿ ಕೊಡಿ” ಎಂದು ಸ್ಪಷ್ಟವಾಗಿ ಕೇಳಿದೆ. ಗಿರಾಕಿಗಳ ಗದ್ದಲದಲ್ಲಿದ್ದ ಅಂಗಡಿಯವನು ಒಂದು ಹಿಡಿ ಕಾಯಿಯನ್ನು ಕಾಗದದಲ್ಲಿ ಸುತ್ತಿಕೊಟ್ಟ. ಹಾಸ್ಟೆಲಿಗೆ ತಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟುಕೊಂಡೆ. ಬೆಳಗ್ಗೆ ಎದ್ದೊಡನೆ ಐದು ನಿಮಿಷ, ಕಾಲೇಜಿಗೆ ಹೊರಡುವ ಮುನ್ನ ಐದು ನಿಮಿಷ, ಸಂಜೆ ಚಹಾದ ಅನಂತರ ಹತ್ತು ನಿಮಿಷ ಆ ಗಂಟನ್ನು ಮೂಗಿಗೆ ಹಿಡಿದು ಉಸಿರಾಡುವುದು. ಎರಡನೆಯ ವಾರದಿಂದ ಕಾಯಿ ಮುರಿದು ಮೂಸುವುದು. ಕೊನೆಯ ವಾರ ಪುಡಿ ಮಾಡಿ ಮೂಸುವುದು. ಲಲಿತಾ ಪದವಿಗೂ ನನ್ನೊಂದಿಗೇ ರಾಣೆಬೆನ್ನೂರಿಗೆ ಬಂದಿದ್ದಳು. ಅಲ್ಲಿಯೂ ನಮ್ಮದು ಒಂದೇ ಕೋಣೆ. ಅವಳು ಮೊದಮೊದಲು ನನಗೆ ನೆಗಡಿಯೆಂದು ತಿಳಿದಳು. ಆಮೇಲೆ ಅವಳಿಗೇ ಸೀನು ಹಿಡಿಯಿತು.

“ಮಂದಿ ಪರೀಕ್ಷಾಕ್ಕ ಓದತಾರ, ನೀ ಊರಿಗೆ ಹೋಗಾಕ ಓದಾಕತ್ತೀಯಲ್ಲ!” ಎಂದು ಹಾಸಿಗೆಯನ್ನು ಕಿಟಕಿಯ ಕಡೆಗೆ ಎಳೆದುಕೊಂಡಳು.

ಯುಗಾದಿಯ ಹಿಂದಿನ ದಿನ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಉಸಿರೆಳೆದೆ. ಸೀನು ಬರಲಿಲ್ಲ. ಉಳಿದ ನಾಲ್ಕು ಕಾಯಿಗಳನ್ನು ಗಂಟಿನಲ್ಲೇ ಕಟ್ಟಿ, ದಾರಿಯಲ್ಲಿ ಕೊನೆಯ ಪುನರಾವರ್ತನೆಗೆಂದು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಮನೆಯ ಬಾಗಿಲಲ್ಲಿ ಶಾಂತಿ ನಿಂತಿದ್ದಳು. ಒಳಗೆ ಎಲ್ಲರೂ ತಮ್ಮ ತಮ್ಮ ಮಣೆಗಳ ಮೇಲೆ. ಮಾರುಕಟ್ಟೆಗೆ ಬಿಡುವಿದ್ದುದರಿಂದ ಅಪ್ಪನೂ ಇದ್ದ. ಹೊಸ್ತಿಲು ದಾಟಿದೆ. ಒಂದು ಹೆಜ್ಜೆ, ಎರಡು, ಮೂರು. ಆಯಿ ಕೈ ನಿಲ್ಲಿಸಿ ಕಿವಿಗೊಟ್ಟಿದ್ದಳು. ನಾನು ಸೀನಲಿಲ್ಲ. “ಆರಾಮ ಅದೀಯೇನ ಆಯಿ?” ಎಂದು ಕೇಳಿ, ಶಾಂತಿ ಮುಂದಕ್ಕೆ ತಳ್ಳಿದ ನನ್ನ ಹಳೆಯ ಮಣೆಯ ಮೇಲೆ ಕುಳಿತು, ಕಾಯಿ ಎತ್ತಿಕೊಂಡೆ. ಒಂದು ತುಂಬು ಮುರಿದೆ. ಹತ್ತು ಮುರಿದೆ. ಮೂಗಿನ ತುದಿಯಲ್ಲಿ ಇರುವೆಯೊಂದು ನಡೆದಾಡುತ್ತಿತ್ತು, ಅದನ್ನು ಲಕ್ಷಿಸಲಿಲ್ಲ.

“ಹೂಂ,” ಎಂದಳು ಆಯಿ. “ಮೂಗ ಮನಿಗೆ ಬಂತ ನೋಡ.”

ಶಾಂತಿ ಕುಣಿಯುವುದೊಂದು ಬಾಕಿ. ನನ್ನ ಕೈಚೀಲವನ್ನು ಒಳಗಿಡಲೆಂದು ಒಮ್ಮೆಲೇ ಎತ್ತಿದಳು. ಅದರ ಬಾಯಿಂದ ಕರವಸ್ತ್ರದ ಗಂಟು ಜಾರಿ ಮಾಬೂಬಿ ಖಾಲಾ ಅವರ ಮಡಿಲಿಗೆ ಬಿತ್ತು.

“ಇದೇನ ಬೇಟಿ, ಪ್ರಸಾದ?” ಎಂದು ಅವರು ಗಂಟು ಬಿಚ್ಚಿದರು. ಒಳಗಿದ್ದುದನ್ನು ಕಂಡು ಆಯಿಯತ್ತ ಚಾಚಿದರು. ಆಯಿ ಅದರತ್ತ ನೋಡಲೂ ಇಲ್ಲ. ಒಂದು ಕಾಯಿಯ ಮೇಲೆ ಹೆಬ್ಬೆರಳು ಆಡಿಸಿದಳು, ಅಷ್ಟೇ.

“ಗುಂಟೂರ,” ಎಂದಳು.

ಎಲ್ಲರೂ ನನ್ನತ್ತ ತಿರುಗಿದರು. ಬ್ಯಾಡಗಿಯ ಮನೆಗೆ, ಅದೂ ತುಂಬು ಮುರಿಯುವವರ ಮನೆಗೆ, ಯಾರಾದರೂ ನಾಲ್ಕು ಗುಂಟೂರು ಕಾಯಿಗಳನ್ನು ಗಂಟು ಕಟ್ಟಿಕೊಂಡು ಏಕೆ ಬರುತ್ತಾರೆ? ಉತ್ತರಿಸಲೆಂದು ಬಾಯಿ ತೆರೆದೆ. ಅಷ್ಟು ಹೊತ್ತು ತಡೆದಿದ್ದುದೆಲ್ಲ ಒಟ್ಟಿಗೆ ಬಂತು. ಎಂಟು ಸೀನು, ಎಣಿಸಿದವರು ಮಾಬೂಬಿ ಖಾಲಾ.

“ಆಯಿ, ನಾನು ಅಭ್ಯಾಸ ಮಾಡಿಕೊಂಡು ಬಂದೆ,” ಎಂದೆ. ಅನಂತರ ವೇಳಾಪಟ್ಟಿಯ ಸಹಿತ ಎಲ್ಲವನ್ನೂ ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅಪ್ಪ ಚೀಲಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದ. ಖಾಲಾ “ಯಾ ಅಲ್ಲಾ, ಯಾ ಅಲ್ಲಾ” ಎನ್ನುತ್ತ ಕಂಬಕ್ಕೆ ಹಣೆ ಹಚ್ಚಿದ್ದರು. ಆಯಿ ಮಾತ್ರ ನಗುತ್ತಿರಲಿಲ್ಲ.

“ನೋಡಿದ್ರ ಗೊತ್ತಾಗ್ಲಿಲ್ಲ? ಮುಟ್ಟಿದ್ರೂ ಗೊತ್ತಾಗ್ಲಿಲ್ಲ?”

“ಇಲ್ಲ,” ಎಂದೆ. ಸೀನಿಗಿಂತ ಆ ಒಂದು ಪದ ಹೇಳುವುದು ಕಷ್ಟವಾಯಿತು. ದಿನವೂ ಮೂಸಿದ, ಮುರಿದ ಕಾಯಿಗಳನ್ನು ನಾನು ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ. ಅಂಗಡಿಯವನು ಕೊಟ್ಟದ್ದನ್ನು, ಪಠ್ಯಪುಸ್ತಕವನ್ನು ನಂಬುವಂತೆ ನಂಬಿದ್ದೆ. ಶಾಂತಿ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು, ನಗುವಿನಿಂದ ಅಲ್ಲ.

“ಕಣ್ಣ ಮುಚ್ಚು,” ಎಂದಳು ಆಯಿ.

ಮುಚ್ಚಿದೆ. ಅಂಗೈ ಮೇಲೆ ಒಂದು ಕಾಯಿ ಬಿತ್ತು. ಗಿಡ್ಡ, ದಪ್ಪ, ಮೈತುಂಬ ಸುಕ್ಕು.

“ಡಬ್ಬಿ.”

ಇನ್ನೊಂದು. ಉದ್ದ, ಸಣಕಲು, ಸುಕ್ಕು.

“ಕಡ್ಡಿ.”

ಮೂರನೆಯದು ನುಣ್ಣಗಿತ್ತು. ಹೇಳುವ ಮೊದಲೇ ನನಗೆ ನಗು ಬಂತು.

“ನಾ ಕಟಗೊಂಡ ಬಂದದ್ದು.”

“ಕೈ ಇನ್ನೂ ನಮ್ಮದ ಐತಿ,” ಎಂದಳು ಆಯಿ, ಕಣ್ಣು ತೆರೆದ ನನ್ನನ್ನಲ್ಲ, ಅಪ್ಪನನ್ನು ನೋಡುತ್ತ. “ಮೂಗೊಂದ ಊರ ಬಿಟ್ಟೈತಿ. ಹೋಗ್ಲಿ ಬಿಡ, ತಿಂಗಳಗಟ್ಲೆ ವಿಷ ಮೂಸಿ ಮನಿಗೆ ಬರಾಕ ನೋಡೈತಿ ಅದು. ಏ ಬಸಪ್ಪಾ, ಎಷ್ಟ ನಗತಿ, ಎದ್ದೇಳ. ಪ್ಯಾಟಿಗೆ ಹೋಗಿ ಒಂದ ಜೋಡಿ ಕಪ್ಪು-ಬಸಿ ತಗೊಂಡ ಬಾ.”

“ಯಾಕಬೇ? ಐತೆಲ್ಲ ಒಂದ.”

“ಐತಿ. ಬರೂ ವರ್ಷ ಹಬ್ಬಕ್ಕ ಇಬ್ಬರ ಬೀಗರ ಬರ್ತಾರ, ಒಬ್ಬಾಕಿ ಎಲ್ಲಿರತಾಳೋ ಅಲ್ಲಿಂದ, ಒಬ್ಬಾಕಿ ಹಾವೇರಿಂದ. ಒಂದ ಕಪ್ಪಿನ್ಯಾಗ ಇಬ್ಬರಿಗೆ ಹೆಂಗ ಕೊಡೂದು? ಜಗಳಾಡ್ತಾವ.”

ಮಾತು ಮೊದಲು ಅರ್ಥವಾದದ್ದು ಅವ್ವನಿಗೆ. ಅವಳು ತೋಳು ಮಡಿಸಿ ಮೊಣಕೈಯ ಒಳಬದಿಗೆ ಕಣ್ಣೊತ್ತಿಕೊಂಡಳು. ಶಾಂತಿಗೆ ಅರ್ಥವಾಗಲು ಇನ್ನಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ರಾಶಿಯ ಮೇಲೇ ಹಾರಿ ಆಯಿಯ ಕೊರಳಿಗೆ ಬಿದ್ದಳು, ಮೆಣಸಿನಕಾಯಿ ಮನೆಯೆಲ್ಲ ಚೆಲ್ಲಾಪಿಲ್ಲಿಯಾಯಿತು, ಬೈಗುಳ ಶುರುವಾಯಿತು.

ಅಪ್ಪ ಹಿಂದಿರುಗಿದಾಗ ಅವನ ಹೆಗಲ ಮೇಲೆ ದೊಡ್ಡದೊಂದು ರಟ್ಟಿನ ಡಬ್ಬವಿತ್ತು. ಸೆಟ್ಟು ಒಡೆದು ಒಂದೇ ಜೋಡಿ ಕೊಡುವುದಿಲ್ಲ ಎಂದು ಅಂಗಡಿಯವನು ಪಟ್ಟು ಹಿಡಿದನಂತೆ. ಒಳಗೆ ಆರು ಕಪ್ಪು, ಆರು ಬಸಿ. ಅಂಚಿನಲ್ಲಿ ಹಳದಿ ಹೂ.

“ಆರ ಯಾಕೋ ಮೂಳಾ? ಊರಿಗೆ ಊರ ಸೀನತದೇನ?” ಎಂದಳು ಆಯಿ.

“ಇರ್ಲಿ ಬಿಡಬೇ. ನಾಳೆ ಇವರ ಮನಿಗೆ ಹೋಗಿ ನಾಕ ದಿನ ಇದ್ದ ಬಂದ್ರ ನೀನೂ ಸೀನತಿ.”

“ನಾ? ನಾ ಸತ್ರೂ ಸೀನಂಗಿಲ್ಲ.”

ಅವ್ವ ಚಹಾಕ್ಕಿಟ್ಟಳು. ನನಗೆ ನೀಲಿ ಹೂವಿನ ಹಳೆಯ ಕಪ್ಪು-ಬಸಿಯಲ್ಲೇ ಕೊಟ್ಟರು. ಈ ಸಲ ಸುರಿದುಕೊಂಡು, ಊದಿ, ಓಣಿಗೆಲ್ಲ ಕೇಳುವಂತೆ ಸುರ್ ಎಂದು ಹೀರಿದೆ. ಉಳಿದವರಿಗೆ ಲೋಟ. ಶಾಂತಿ ತನ್ನ ಲೋಟವನ್ನು ಮುಟ್ಟದೆ, ಹಳದಿ ಹೂವಿನ ಬಸಿಗಳನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲನೆ ಎದ್ದು, ಮೂಲೆಯ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಎಲ್ಲರ ಎದುರಿಗೇ ಮೂಗಿಗೆ ತೂರಿಸಿದಳು. ಬಂದದ್ದು ಸೀನೇ ಅಲ್ಲ, ಬೆಕ್ಕಿನ ಮರಿ ಕೂಗಿದಂತಹ ಏನೋ ಒಂದು. ಆಯಿಯ ಮುಂದೆ ಹೋಗಿ ಕೈಕಟ್ಟಿ ಕುಳಿತಳು. ಮುಂದಿನ ತೀರ್ಪು ನಮಗೆಲ್ಲ ಬಾಯಿಪಾಠವಾಗಿತ್ತು. ಅಪ್ಪ, ಅವ್ವ, ಖಾಲಾ, ನಾನು ಒಟ್ಟಿಗೆ ಹೇಳಲು ಸಿದ್ಧರಾಗಿ ಆಯಿಯ ಕೈ ನೋಡಿದೆವು. ಆಯಿ ಹೊಸದೊಂದು ಬಸಿಯನ್ನು ತೆಗೆದು, ಸೆರಗಿನಿಂದ ಎರಡು ಸಲ ಒರೆಸಿ, ಶಾಂತಿಯ ಮುಂದಿಟ್ಟಳು. ಆಮೇಲೆ ತನ್ನ ಲೋಟದ ಚಹಾವನ್ನು ಅದಕ್ಕೆ ಅಂಚಿನವರೆಗೂ ಸುರಿದಳು.